ಯಾರ ಮನೆ ಅಂಗಳ

ಪುಟ್ಟಗಂಗಮ್ಮನ ಕ್ಯಾಸೆಟ್ಟನ್ನು ಪೂರ್ತಿ ಮೆಚ್ಚಿಕೊಂಡವರು ಗುಬ್ಬಿಯಲ್ಲಿ ಒಬ್ಬರೂ ಇರಲಿಲ್ಲ. ಪೂರ್ತಿ ಬೈದವರೂ ಇರಲಿಲ್ಲ. ಎಲ್ಲರಿಗೂ ಅದರಲ್ಲಿ ಅರ್ಧ ಬೇಕು, ಇನ್ನರ್ಧ ಬೇಡ. ತಮಾಷೆಯೆಂದರೆ ಒಬ್ಬರಿಗೆ ಬೇಕಾದ ಅರ್ಧವೇ ಇನ್ನೊಬ್ಬರಿಗೆ ಬೇಡದ ಅರ್ಧ.

"ಡಿಸ್ಕೋ ಸೂಪರ್ ಅಕ್ಕಾ, ಆದ್ರೆ ಮಧ್ಯದಲ್ಲಿ ಆ ಅಜ್ಜೀರ ಹಾಡು ಯಾಕೆ?" ಎಂದು ಕಾಲೇಜು ಹುಡುಗರು ಮೂಗು ಮುರಿಯುತ್ತಿದ್ದರು. "ಕೋಲಾಟ ಚೆನ್ನಾಗೈತೆ ಕಣವ್ವ, ಆ ಡಬ್ಬ ಬಡಿಯೋದೊಂದು ತೆಗ್ದು ಬುಡು" ಎಂದು ಅಜ್ಜಿಯರು ಬೇಡಿಕೊಳ್ಳುತ್ತಿದ್ದರು. ಬ್ಯಾಂಡ್ ಸೆಟ್ಟಿನ ಚನ್ನವೀರಯ್ಯನಂತೂ ತನ್ನ ಕ್ಲಾರಿಯೊನೆಟ್ ಬರುವ ತುಣುಕೊಂದನ್ನೇ ಹಿಂದೆ ಮುಂದೆ ತಿರುಗಿಸಿ ಕೇಳಿ, ಉಳಿದದ್ದೆಲ್ಲ ಗಲಾಟೆ ಎಂದು ತೀರ್ಪು ಕೊಟ್ಟಿದ್ದ.

ಇದು ಎಂಬತ್ತಾರರ ಮಾತು. ಕ್ಯಾಸೆಟ್ಟಿನ ಮೇಲೆ ಪುಟ್ಟಗಂಗಮ್ಮ ಬಾಲ್‌ಪೆನ್ನಿನಲ್ಲಿ 'ಕುಣಿತ' ಎಂದಷ್ಟೇ ಬರೆದಿದ್ದಳು. ಯಾವ ಹಾಡು ಕುಣಿಯುವ ಹಾಡು, ಯಾವುದು ಅಲ್ಲ ಎಂದು ತೀರ್ಮಾನಿಸುವ ಅಧಿಕಾರ ಕಾಲಿಗೆ ಬಿಟ್ಟರೆ ಮನುಷ್ಯನ ಬೇರೆ ಯಾವ ಅಂಗಕ್ಕೂ ಇಲ್ಲ ಅನ್ನುವುದು ಅವಳ ನಂಬಿಕೆ. ಈ ನಂಬಿಕೆಗಾಗಿ ಅವಳು ಯಾರ ಜೊತೆ ಬೇಕಾದರೂ ಜಗಳಕ್ಕೆ ನಿಲ್ಲುತ್ತಿದ್ದಳು. ನಿಂತಳು ಕೂಡ.

ಅವಳ ತಂದೆ ಚಿಕ್ಕರಂಗಯ್ಯ ಗುಬ್ಬಿಯಲ್ಲಿ ಮೈಕ್ ಸೆಟ್ ಇಟ್ಟಿದ್ದವರು. ಗ್ರಾಮಫೋನ್ ಪ್ಲೇಟು, ತಗಡಿನ ಹಾರನ್ನು, ಉದ್ದುದ್ದ ವೈರಿನ ಸುರುಳಿಗಳ ಮಧ್ಯೆಯೇ ಅವಳು ಬೆಳೆದಿದ್ದು. ಮದುವೆಯಾದ ಮೇಲೂ ಆ ಹುಚ್ಚು ಬಿಡಲಿಲ್ಲ. ಕೊಟ್ಟ ಮನೆ ಕ್ಯಾತ್ಸಂದ್ರದಲ್ಲಿ, ಗಂಡ ಯಲ್ಲಯ್ಯ ಹೈವೇ ಪಕ್ಕ ಹೋಟೆಲ್ ಇಟ್ಟಿದ್ದವನು. ಒಂದು ದಿನ ಭಜನೆ ಮಧ್ಯೆ ಮೈಕು ಕೆಟ್ಟು ಎಲ್ಲರೂ ಕೈಕಟ್ಟಿ ಕೂತಿದ್ದಾಗ ಇವಳು ಸೆರಗು ಸಿಕ್ಕಿಸಿ ಎದ್ದು ಹೋಗಿ ವೈರು ಜೋಡಿಸಿ ಸರಿ ಮಾಡಿದಳು. ಭಜನೆಯವರು ಹೊಗಳಿದರು. ಯಲ್ಲಯ್ಯನ ಕಣ್ಣು ಕೆಂಪಾಯಿತು.

"ನಾಲ್ಕು ಜನ ಗಂಡಸರ ಮುಂದೆ ವೈರ್ ಹಿಡ್ಕೊಂಡು ಓಡಾಡೋ ಹೆಂಗಸು ನನ್ನ ಮನೇಗೆ ಬ್ಯಾಡ."

"ವೈರು ಬ್ಯಾಡದಿದ್ರೆ ನಿನ್ನ ಮನೆಯೂ ನಂಗೆ ಬ್ಯಾಡ ಬುಡು" ಎಂದು ಪುಟ್ಟಗಂಗಮ್ಮ ಗಂಟುಮೂಟೆ ಕಟ್ಟಿ ಗುಬ್ಬಿ ಬಸ್ಸು ಹತ್ತಿದಳು. ಅಷ್ಟರಲ್ಲಿ ಅಪ್ಪನ ಕಣ್ಣಿಗೆ ಪೊರೆ ಬಂದು ಅವರು ಜಗಲಿ ಹಿಡಿದಿದ್ದರು. ಮೈಕ್ ಸೆಟ್ಟು ಅವಳ ಕೈಗೆ ಬಂತು. ಅಂದಿನಿಂದ ಯಾರಾದರೂ "ಯಾರ ಮನೆಯವಳಮ್ಮ ನೀನು?" ಎಂದು ಕೇಳಿದರೆ "ಮೈಕ್ ಸೆಟ್ ಮನೆ" ಎನ್ನುತ್ತಿದ್ದಳು. ಕೇಳಿದವರಿಗೆ ಅದು ಉತ್ತರ ಅನ್ನಿಸುತ್ತಿರಲಿಲ್ಲ. ಮನೆ ಎಂದ ಮೇಲೆ ಒಬ್ಬ ಗಂಡಸಿನ ಹೆಸರು ಬೇಡವೇ?

ಮದುವೆ ಆರತಕ್ಷತೆಗೆ ಹಾಡು ಹಾಕುವವರಿಗೆ ಒಂದು ಕಷ್ಟವಿದೆ, ಹೊರಗಿನವರಿಗೆ ಅದು ತಿಳಿಯದು. ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ಮಧ್ಯೆ ಸದ್ದು ನಿಂತರೆ ಕಾಲು ನಿಲ್ಲುತ್ತದೆ, ಕಾಲು ನಿಂತರೆ ಜನಕ್ಕೆ ಊಟದ ನೆನಪಾಗುತ್ತದೆ. ಆಮೇಲೆ ಯಾರನ್ನು ಕೂಗಿದರೂ ವಾಪಸು ಬರುವುದಿಲ್ಲ. ಅದಕ್ಕೇ ಪುಟ್ಟಗಂಗಮ್ಮ ಎರಡು ಟೇಪ್‌ರೆಕಾರ್ಡರು ಇಟ್ಟುಕೊಂಡು, ಒಂದು ಹಾಡು ಮುಗಿಯುವ ಮೊದಲೇ ಅದರ ಅಡಿಯಲ್ಲಿ ಇನ್ನೊಂದನ್ನು ಏಳಿಸುವುದನ್ನು ಕಲಿತಳು. ಹಾಡಿಗೂ ಹಾಡಿಗೂ ಹೊಂದದಿದ್ದರೆ ನಡುವೆ ಹಾಕಲು ಒಂದು ಬೇರೆ ಕ್ಯಾಸೆಟ್ಟು ಮಾಡಿಕೊಂಡಿದ್ದಳು. ಯಾವುದೋ ಡಿಸ್ಕೋ ಹಾಡಿನ ಬರೀ ಡ್ರಮ್ಮಿನ ತುಣುಕು, ಅದನ್ನೇ ಮತ್ತೆ ಮತ್ತೆ ರೆಕಾರ್ಡು ಮಾಡಿ ಒಂದು ಬದಿ ತುಂಬಿಸಿದ್ದು. ಅದಕ್ಕವಳು 'ಅಂಟು' ಎಂದು ಹೆಸರಿಟ್ಟಿದ್ದಳು.

ಆ ಅಂಟನ್ನು ಒಂದು ಮಧ್ಯಾಹ್ನ ಮನೆಯಲ್ಲಿ ಹಾಕಿ ನೋಡುತ್ತಿದ್ದಾಗ ಅಕ್ಕ ದೊಡ್ಡಗಂಗಮ್ಮ ಬಂದಿದ್ದಳು. ಅವಳನ್ನು ಕೊಟ್ಟಿದ್ದು ಸಿ.ಎಸ್. ಪುರಕ್ಕೆ. ಆ ಸೀಮೆಯಲ್ಲಿ ಹೆಂಗಸರ ಕೋಲಾಟಕ್ಕೆ ಮುಂದಾಳು ಅವಳೇ, ಗಂಟಲು ಹಾರನ್ನಿಗಿಂತ ಗಟ್ಟಿ. ಅಡುಗೆ ಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದವಳು ತನಗೆ ಗೊತ್ತಿಲ್ಲದೆಯೇ ಆ ಡ್ರಮ್ಮಿಗೆ ಸರಿಯಾಗಿ ಹಾಡತೊಡಗಿದಳು. ಪುಟ್ಟಗಂಗಮ್ಮನ ಮೈ ಜುಮ್ಮೆಂದಿತು. ಬೊಂಬಾಯಿಯ ಡ್ರಮ್ಮಿನದೂ ಸಿ.ಎಸ್. ಪುರದ ಕೋಲಿನದೂ ಒಂದೇ ನಡಿಗೆ! ಮರುವಾರವೇ ಅವಳು ಮೈಕು, ಟೇಪು ಹೊತ್ತುಕೊಂಡು ಸಿ.ಎಸ್. ಪುರಕ್ಕೆ ಹೋಗಿ, ಅಕ್ಕನ ನೆರೆಮನೆಯ ಕದರಯ್ಯನ ದೊಡ್ಡ ಅಂಗಳದಲ್ಲಿ ಹೆಂಗಸರನ್ನೆಲ್ಲ ನಿಲ್ಲಿಸಿ ಕೋಲಾಟ ರೆಕಾರ್ಡು ಮಾಡಿಕೊಂಡು ಬಂದಳು. ಮಧ್ಯೆ ಕದರಯ್ಯನ ನಾಯಿ ಬೊಗಳಿದ್ದೂ ಅದರಲ್ಲಿ ಬಂದಿತ್ತು. ಇರಲಿ ಎಂದು ಬಿಟ್ಟಳು.

ಹೀಗೆ ಹುಟ್ಟಿದ್ದು 'ಕುಣಿತ'. ಡಿಸ್ಕೋ, ಬ್ಯಾಂಡು, ತಮಟೆ, ಕೋಲಾಟ, ಮತ್ತೆ ಡಿಸ್ಕೋ. ಒಂದರ ಬಾಲ ಇನ್ನೊಂದರ ತಲೆಯಲ್ಲಿ.

ಕ್ಯಾಸೆಟ್ಟಿನ ಸುದ್ದಿ ತುಮಕೂರು ಮುಟ್ಟಿತು. ಬಸ್ ಸ್ಟ್ಯಾಂಡಿನ ಹತ್ತಿರ ಯೋಗನರಸಿಂಹ ಎಂಬುವವರದು ರೆಕಾರ್ಡಿಂಗ್ ಸೆಂಟರು. ಗಿರಾಕಿ ಕೇಳಿದ ಹಾಡನ್ನು ಖಾಲಿ ಕ್ಯಾಸೆಟ್ಟಿಗೆ ತುಂಬಿಕೊಡುವ ಅಂಗಡಿ. ಯೋಗನರಸಿಂಹ ಮೃದು ಮಾತಿನ ಮನುಷ್ಯ, ಯಾರಿಗೂ ಇಲ್ಲ ಎನ್ನದೆ ಎಲ್ಲವನ್ನೂ ಇಲ್ಲವಾಗಿಸುವ ಕಲೆ ಬಲ್ಲವರು. ಪುಟ್ಟಗಂಗಮ್ಮನನ್ನು ಕರೆಸಿ, ಕುರ್ಚಿ ಹಾಕಿಸಿ, ಕಾಫಿ ತರಿಸಿದರು.

"ಬಹಳ ಚೆನ್ನಾಗಿದೆಯಮ್ಮ. ನಾನೇ ಕಾಪಿ ಮಾಡಿ ತುಮಕೂರು, ಗುಬ್ಬಿ, ಕುಣಿಗಲ್ ಮೂರು ತಾಲ್ಲೂಕಿಗೂ ಕೊಡ್ತೀನಿ. ಒಂದೇ ಒಂದು ಸಣ್ಣ ಬದಲಾವಣೆ. ಆ ಕೋಲಾಟ ತೆಗೆದುಬಿಡೋಣ."

"ಯಾಕೆ ಸಾರ್?"

"ಡ್ಯಾನ್ಸ್ ಕ್ಯಾಸೆಟ್ ಅಂತ ತಗೊಂಡೋರು ಅದು ಬಂದ ತಕ್ಷಣ ಫಾರ್ವರ್ಡ್ ಮಾಡ್ತಾರಮ್ಮ."

"ಫಾರ್ವರ್ಡ್ ಮಾಡ್ಲಿ ಸಾರ್. ಅದು ಅವರ ಬೆರಳು. ಕತ್ತರಿಸೋದು ನಿಮ್ಮ ಕತ್ತರಿ. ಎರಡೂ ಒಂದೇ ಅಲ್ಲ."

"ಕೋಲಾಟ ಡ್ಯಾನ್ಸ್ ಅಲ್ಲ ಅಂತಲ್ಲ ನಾನು ಹೇಳ್ತಿರೋದು..."

"ಮತ್ತೆ ಅಡುಗೆನಾ?"

ಯೋಗನರಸಿಂಹ ನಕ್ಕರು. ಆದರೂ ಪಟ್ಟು ಬಿಡಲಿಲ್ಲ. ಕೊನೆಗೆ ಇಬ್ಬರೂ ಒಂದು ಮಾತಿಗೆ ಬಂದರು. ಕುಣಿಗಲ್ಲಿನ ತಿಪ್ಪಯ್ಯ ಎಂಬ ದೊಡ್ಡ ಬೇಸಾಯಗಾರ ಯೋಗನರಸಿಂಹರಿಗೆ ಬೇಕಾದವನು, ಅವನ ಮಗನ ಆರತಕ್ಷತೆ ಮುಂದಿನ ವಾರ. ಹುಡುಗ ತುಮಕೂರಿನಲ್ಲಿ ಓದಿದವನು, ಕಾಲೇಜು ಗೆಳೆಯರೆಲ್ಲ ಬರುತ್ತಾರೆ. ತಿಪ್ಪಯ್ಯನ ಹಳ್ಳಿ ನೆಂಟರೂ ಬರುತ್ತಾರೆ. ಅಲ್ಲಿ ಪುಟ್ಟಗಂಗಮ್ಮನ ಮೈಕ್ ಸೆಟ್ಟು, ಅವಳ ಕ್ಯಾಸೆಟ್ಟು. ಕೋಲಾಟ ಬಂದಾಗ ಜನ ಕುಣಿದರೆ ಯೋಗನರಸಿಂಹ ಕ್ಯಾಸೆಟ್ಟನ್ನು ಇಡಿಯಾಗಿ ಮಾರಬೇಕು. ಜನ ಕೂತರೆ ಕೋಲಾಟ ಹೋಗಬೇಕು.

"ಕೂತ್ರೆ ಏನ್ಮಾಡ್ತೀಯಾ?" ಎಂದು ಕುಣಿಗಲ್ ಬಸ್ಸಿನಲ್ಲಿ ದೊಡ್ಡಗಂಗಮ್ಮ ಕೇಳಿದಳು. ತನ್ನ ದನಿ ಸಾವಿರಾರು ಜನರ ಮುಂದೆ ಹಾರನ್ನಿನಲ್ಲಿ ಬರುವುದನ್ನು ಕೇಳಬೇಕೆಂದು ಅವಳೂ ಹೊಸ ಸೀರೆ ಉಟ್ಟು ಹೊರಟಿದ್ದಳು.

"ಕೂರಾಕಿಲ್ಲ ಬುಡಕ್ಕ" ಎಂದಳು ತಂಗಿ. ಒಳಗೊಳಗೇ ಅವಳಿಗೆ ಅಳುಕಿತ್ತು. ತಾನು ಪಣ ಕಟ್ಟಿರುವುದು ಕ್ಯಾಸೆಟ್ಟಿನ ಮೇಲಲ್ಲ, ಅಕ್ಕನ ಗಂಟಲಿನ ಮೇಲೆ ಎಂದು ಅವಳಿಗೆ ಗೊತ್ತಿತ್ತು.

ಕುಣಿಗಲ್ಲಿನ ಛತ್ರದಲ್ಲಿ ಕಾಲಿಡುತ್ತಲೇ ತಿಪ್ಪಯ್ಯ ಎದುರಾದ. ದಪ್ಪ ಮೀಸೆ, ಜರಿ ಪಂಚೆ.

"ನೋಡವ್ವಾ, ನಮ್ ಹಿರೀಕರು ಬಂದವ್ರೆ. ಆ ಡಿಸ್ಕೋ ಪಸ್ಕೋ ಬ್ಯಾಡ. ಮರ್ಯಾದಸ್ತ ಹಾಡು ಹಾಕು."

ಅವನು ಹೋದ ಹಿಂದೆಯೇ ಮದುಮಗನ ಗೆಳೆಯರು ಬಂದರು. ಬೆಲ್ ಬಾಟಂ ಕಾಲ ಮುಗಿದಿದ್ದರೂ ಒಬ್ಬಿಬ್ಬರು ಇನ್ನೂ ಬಿಟ್ಟಿರಲಿಲ್ಲ. "ಅಕ್ಕಾ, ಬರೀ ಡಿಸ್ಕೋ. ಆ ಹಳ್ಳಿ ಹಾಡು ಹಾಕಿದ್ರೆ ನಾವು ಎದ್ದು ಹೋಗ್ತೀವಿ ಅಷ್ಟೆ."

ಪುಟ್ಟಗಂಗಮ್ಮ ಇಬ್ಬರಿಗೂ ಒಂದೇ ಉತ್ತರ ಕೊಟ್ಟಳು. "ಕ್ಯಾಸೆಟ್ ಒಂದೇ ಇರೋದು. ಇಷ್ಟ ಬಂದಾಗ ಕುಣೀರಿ, ಬರದಿದ್ದಾಗ ನೀರು ಕುಡೀರಿ."

ಸಂಜೆ ದೀಪ ಹತ್ತಿದ ಮೇಲೆ ಛತ್ರದ ಅಂಗಳದಲ್ಲಿ ಡಿಸ್ಕೋ ಎದ್ದಿತು. ಹುಡುಗರು ನುಗ್ಗಿದರು. ಹಿರಿಯರು ಕಿವಿ ಮುಚ್ಚಿಕೊಂಡು ಅಂಗಳದ ಅಂಚಿಗೆ ಸರಿದರು. ಬ್ಯಾಂಡು ಬಂದಾಗ ಅರ್ಧ ಹುಡುಗರು ಉಳಿದರು, ಕೆಲವು ಮಾವಂದಿರು ಭುಜ ಅಲ್ಲಾಡಿಸಿದರು. ತಮಟೆಗೆ ಇನ್ನಷ್ಟು ಜನ. ತಮಟೆಯ ಅಡಿಯಿಂದ ಕೋಲಿನ ಸದ್ದು ಮೆಲ್ಲಗೆ ಎದ್ದು, ದೊಡ್ಡಗಂಗಮ್ಮನ ದನಿ ಹಾರನ್ನಿನಿಂದ ಹೊಮ್ಮಿತು.

"ಯಾರ ಮನೆ ಅಂಗಳವಮ್ಮಾ, ಇದು ಯಾರ ಮನೆ ಅಂಗಳ?"

ಹುಡುಗರ ಕಾಲು ನಿಂತವು. "ಫಾರ್ವರ್ಡ್! ಫಾರ್ವರ್ಡ್!" ಎಂದು ಕೂಗು ಎದ್ದಿತು. ಹಿರಿಯರು ತಲೆದೂಗಿದರು, ಆದರೆ ತಲೆದೂಗುವುದು ಕುಣಿತವಲ್ಲ. ಅಂಗಳ ಬರಿದಾಯಿತು. ಪಕ್ಕದಲ್ಲೇ ನಿಂತಿದ್ದ ಯೋಗನರಸಿಂಹ ಪಾಪ ಎನ್ನುವಂತೆ ಮುಖ ಮಾಡಿ ಟೇಪಿನ ಗುಂಡಿಯತ್ತ ಕೈ ಚಾಚಿದರು. ಪುಟ್ಟಗಂಗಮ್ಮ ತನ್ನ ಅಂಗೈಯನ್ನು ಗುಂಡಿಗಳ ಮೇಲೆ ಅಡ್ಡ ಇಟ್ಟಳು.

ಅಷ್ಟರಲ್ಲಿ ಹಾರನ್ನು ಉತ್ತರ ಕೊಟ್ಟಿತು.

"ಕದರಯ್ಯನ ಮನೆ ಅಂಗಳವಮ್ಮಾ, ಕಾಲಿಟ್ಟೋರಿಗೆ ಮಂಗಳ!"

ಹಳ್ಳಿ ನೆಂಟರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಿಪ್ಪಯ್ಯ ಎಲ್ಲಿದ್ದನೋ, ಪಂಚೆ ಎತ್ತಿ ಕಟ್ಟಿಕೊಂಡು ಓಡಿ ಬಂದ.

"ಏನ್ಲೇ! ಯಾರ ಮನೆ ಹೊಗಳ್ತಿದೀಯಾ ನನ್ನ ಮಗನ್ ಮದ್ವೇಲಿ? ಅವ್ನು ಕದರಯ್ಯ, ನನ್ನ ಮಗಂಗೆ ಹೆಣ್ಣು ಕೊಡಾಕಿಲ್ಲ ಅಂತ ಬಾಗ್ಲು ಹಾಕ್ಕೊಂಡೋನು! ಅವ್ನ ಅಂಗಳಾನಾ ಇದು?"

ಪುಟ್ಟಗಂಗಮ್ಮನಿಗೆ ತನ್ನ ತಪ್ಪು ಆಗ ಹೊಳೆಯಿತು. ಆ ಕಡೆಯ ಕೋಲಾಟದಲ್ಲಿ ಯಾರ ಅಂಗಳದಲ್ಲಿ ಹಾಡುತ್ತಾರೋ ಆ ಮನೆಯ ಹೆಸರು ಹಾಡಿನೊಳಗೆ ಬರಬೇಕು, ಅದು ಪದ್ಧತಿ. ಪ್ರತಿ ಮನೆಗೂ ಹಾಡು ಹೊಸದಾಗಿ ಹುಟ್ಟುತ್ತದೆ. ಟೇಪಿಗೆ ಈ ಮರ್ಯಾದೆ ಎಲ್ಲಿ ಗೊತ್ತು? ಅದು ಯಾರ ಮದುವೆಗೆ ಹೋದರೂ ಕದರಯ್ಯನನ್ನೇ ಹೊಗಳುತ್ತದೆ. ಗುಬ್ಬಿಯವರಿಗೆ ಕದರಯ್ಯ ಯಾರಾದರೇನು ಎಂದಾಗಿತ್ತು. ಇಲ್ಲಿ ಮುಟ್ಟಬಾರದ ಕಡೆ ಮುಟ್ಟಿತ್ತು.

"ನಿಲ್ಸು ಮೊದ್ಲು!" ತಿಪ್ಪಯ್ಯ ಗುಡುಗಿದ.

ನಿಲ್ಲಿಸಿದರೆ ಮುಗಿಯಿತು. ಯೋಗನರಸಿಂಹರ ಕತ್ತರಿ ಗೆದ್ದಂತೆ. ಪುಟ್ಟಗಂಗಮ್ಮ ತಿರುಗಿ ಅಕ್ಕನನ್ನು ನೋಡಿದಳು. ಅಕ್ಕ ಆಗಲೇ ಎದ್ದು ಸೆರಗು ಬಿಗಿದಿದ್ದಳು.

"ಕೊಡಿಲ್ಲಿ ಆ ಮೈಕ" ಎಂದಳು ದೊಡ್ಡಗಂಗಮ್ಮ. "ಹಾಡಿನಾಗೆ ಆದ ತಪ್ಪನ್ನ ಹಾಡಿನಾಗೇ ತೊಳೀಬೇಕು."

ಪುಟ್ಟಗಂಗಮ್ಮ ಎರಡನೇ ಟೇಪಿಗೆ ಅಂಟಿನ ಕ್ಯಾಸೆಟ್ಟು ತುರುಕಿ ಡ್ರಮ್ಮನ್ನು ಮೇಲಕ್ಕೆ ಏರಿಸಿದಳು, ಕೋಲಾಟವನ್ನು ಕೆಳಕ್ಕೆ ಇಳಿಸಿದಳು. ನಡುವೆ ಒಂದು ಉಸಿರಿನಷ್ಟೂ ಸದ್ದು ನಿಲ್ಲಲಿಲ್ಲ. ಆ ಡಿಸ್ಕೋ ಡ್ರಮ್ಮಿನ ಮೇಲೆ ಅಕ್ಕನ ಜೀವಂತ ದನಿ ಏರಿತು.

"ಯಾರ ಮನೆ ಅಂಗಳವಮ್ಮಾ, ಇದು ಯಾರ ಮನೆ ಅಂಗಳ? ಕುಣಿಗಲ್ ಸೀಮೆ ತಿಪ್ಪಯ್ಯನ ಮನೆ, ಕಾಲಿಟ್ಟೋರಿಗೆ ಮಂಗಳ!"

ತಿಪ್ಪಯ್ಯನ ಎತ್ತಿದ ಕೈ ಹಾಗೇ ನಿಂತಿತು. ಮೀಸೆಯ ಕೆಳಗೆ ನಗು ಬೇಡವೆಂದರೂ ಬಂತು. ಅವನ ಹೆಂಡತಿ, ಅಕ್ಕತಂಗಿಯರು ಎದ್ದರು. ಕೋಲು ಇರಲಿಲ್ಲ, ಅಂಗೈಯೇ ಕೋಲಾಯಿತು. ದೊಡ್ಡಗಂಗಮ್ಮ ಮದುಮಗನ ಹೆಸರು ಸೇರಿಸಿದಳು, ಮದುಮಗಳ ಮನೆ ಸೇರಿಸಿದಳು, ಬೀಗರನ್ನು ಸೇರಿಸಿದಳು. ಪ್ರತಿ ಹೆಸರಿಗೂ ಒಂದು ಗುಂಪು ಎದ್ದು ಬರುತ್ತಿತ್ತು. ತನ್ನ ಮನೆಯ ಹೆಸರು ಹಾರನ್ನಿನಲ್ಲಿ ಬಂದ ಮೇಲೆ ಕೂತಿರಲು ಯಾರಿಗೆ ಸಾಧ್ಯ?

ಕಾಲೇಜು ಹುಡುಗರು ಮೊದಮೊದಲು ಗೋಡೆಗೆ ಒರಗಿ ನಿಂತಿದ್ದರು. ಡ್ರಮ್ಮು ಅವರದು, ಹಾಡು ಅವರದಲ್ಲ. ಕಾಲು ಒಂದು ಹೇಳುತ್ತಿತ್ತು, ಮುಖ ಒಂದು. ಕೊನೆಗೆ ಫಾರ್ವರ್ಡ್ ಎಂದು ಎಲ್ಲರಿಗಿಂತ ಜೋರಾಗಿ ಕೂಗಿದ್ದ ಹುಡುಗನೇ ಓಡಿ ಬಂದ.

"ಅಕ್ಕಾ, ಅಕ್ಕಾ, ನಮ್ಮನೇದೂ ಹಾಕಿ! ಸೀತಾರಾಮಯ್ಯನ ಮನೆ, ತುಮಕೂರು!"

ಹಾಕಿದಳು. ಆಮೇಲೆ ಸಾಲು ಬೆಳೆಯಿತು. ಯಾರ ಮನೆ ಅಂಗಳ ಎಂದು ದೊಡ್ಡಗಂಗಮ್ಮ ಕೇಳುವುದು, ಹುಡುಗರು ಗಂಟಲು ಹರಿಯುವಂತೆ ತಮ್ಮ ತಮ್ಮ ಅಪ್ಪಂದಿರ ಹೆಸರು ಕೂಗುವುದು. ಅಪ್ಪನ ಹೆಸರನ್ನು ಇಷ್ಟು ಪ್ರೀತಿಯಿಂದ ಆ ಹುಡುಗರು ಹಿಂದೆಂದೂ ಹೇಳಿರಲಿಕ್ಕಿಲ್ಲ. ಪುಟ್ಟಗಂಗಮ್ಮ ಚಪ್ಪಾಳೆಯ ಸದ್ದಿನ ಮರೆಯಲ್ಲಿ ಅಂಟಿನ ಕ್ಯಾಸೆಟ್ಟನ್ನು ಮತ್ತೆ ಮತ್ತೆ ಹಿಂದಕ್ಕೆ ತಿರುಗಿಸಿ ಹಾಕಿದಳು. ಖುಷಿಗೆ ಅವಳ ಕಣ್ಣು ತುಂಬಿ ಬಂದಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

"ಒಪ್ಪಿಕೊಂಡೆನಮ್ಮ" ಎಂದರು ಯೋಗನರಸಿಂಹ, ವೈರು ಸುತ್ತುವ ಹೊತ್ತಿಗೆ. "ಇಡೀ ಕ್ಯಾಸೆಟ್ ಮಾರ್ತೀನಿ. ಆದ್ರೆ ಕದರಯ್ಯನ ಹೆಸರು ಬೇಡ. ಹೆಸರಿಲ್ಲದ ಹಾಗೆ ಇನ್ನೊಂದ್ ಸಲ ರೆಕಾರ್ಡ್ ಮಾಡಿ. ನಿಮ್ಮ ಮನೆ ಅಂಗಳ, ನಮ್ಮ ಮನೆ ಅಂಗಳ, ಹೀಗೆ ಏನಾದರೂ. ಎಲ್ಲರಿಗೂ ಹೊಂದೋ ಹಾಗೆ."

"ಹೆಸರಿಲ್ದಿರೋ ಅಂಗಳದಾಗೆ ನಾನು ಕೋಲೇ ಹಿಡಿಯಾಕಿಲ್ಲ" ಎಂದಳು ದೊಡ್ಡಗಂಗಮ್ಮ.

"ಯಾರ ಹೆಸರು ಹಾಕಿದ್ರೂ ಇನ್ನೊಬ್ಬರು ಜಗಳಕ್ಕೆ ಬರ್ತಾರಲ್ಲಮ್ಮ."

"ಬರ್ಲಿ ಬುಡಿ. ಎಲ್ಲರಿಗೂ ಹೊಂದೋದು ಅಂದ್ರೆ ಯಾರ್ಗೂ ಸೇರ್ದೇ ಇರೋದು."

ಪುಟ್ಟಗಂಗಮ್ಮ ಅಕ್ಕನ ಪರ ನಿಂತಳು. ಹೆಸರು ಇರಲೇಬೇಕು. ಯಾರ ಅಂಗಳದಲ್ಲಿ ಹಾಡುತ್ತೇವೋ ಆ ಹೆಸರೇ ಬರುತ್ತದೆ, ಬೇಕಾದರೆ ಮಾರಿ, ಬೇಡವಾದರೆ ಬಿಡಿ ಎಂದಳು. ಅಂಗಳ ತುಂಬ ಜನ ಕುಣಿದದ್ದನ್ನು ಕಣ್ಣಾರೆ ಕಂಡಿದ್ದ ಯೋಗನರಸಿಂಹ ಹೂಂಗುಟ್ಟಿದರು.

ಎರಡನೇ ಸಲ ರೆಕಾರ್ಡು ಮಾಡಿದ್ದು ಗುಬ್ಬಿಯಲ್ಲಿ, ತವರುಮನೆಯ ಅಂಗಳದಲ್ಲಿ. ಸಿ.ಎಸ್. ಪುರದ ಹೆಂಗಸರೆಲ್ಲ ಬೆಳಗಿನ ಬಸ್ಸಿಗೆ ಬಂದರು. ಚಿಕ್ಕರಂಗಯ್ಯ ಜಗಲಿಯ ಮೇಲೆ ಕೂತು ಕಿವಿ ನಿಮಿರಿಸಿದರು. ಪದ್ಧತಿಯಂತೆ ಚಿಕ್ಕರಂಗಯ್ಯನ ಮನೆ ಅಂಗಳ ಎಂದೇ ಬರುತ್ತದೆಂದು ಪುಟ್ಟಗಂಗಮ್ಮ ಅಂದುಕೊಂಡಿದ್ದಳು. ಟೇಪು ತಿರುಗತೊಡಗಿತು. ಕೋಲುಗಳು ಎದ್ದವು.

"ಯಾರ ಮನೆ ಅಂಗಳವಮ್ಮಾ, ಇದು ಯಾರ ಮನೆ ಅಂಗಳ?"

ಅಕ್ಕ ತಂಗಿಯ ಕಣ್ಣನ್ನೇ ನೋಡುತ್ತ ಉತ್ತರ ಹಾಡಿದಳು.

"ಪುಟ್ಟಗಂಗಮ್ಮನ ಮನೆ ಅಂಗಳವಮ್ಮಾ, ಕಾಲಿಟ್ಟೋರಿಗೆ ಮಂಗಳ!"

ಹೆಂಗಸಿನ ಹೆಸರಿನಲ್ಲಿ ಮನೆಯೊಂದನ್ನು ಕೋಲಾಟ ಹೊಗಳಿದ್ದನ್ನು ಪುಟ್ಟಗಂಗಮ್ಮ ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಬೆರಳು ನಿಲ್ಲಿಸುವ ಗುಂಡಿಯ ತನಕ ಹೋಯಿತು. ಜಗಲಿಯ ಮೇಲಿಂದ ಅಪ್ಪ, "ನಿಲ್ಲಿಸಬ್ಯಾಡ ಕಣೇ, ಸರಿಯಾಗೇ ಐತೆ" ಎಂದರು. ಅವಳು ಬೆರಳು ಹಿಂದಕ್ಕೆಳೆದುಕೊಂಡಳು. ಅಪ್ಪನ ಆ ಮಾತೂ ಟೇಪಿನಲ್ಲಿ ಸಣ್ಣಗೆ ಬಂದಿತ್ತು. ಅದನ್ನೂ ತೆಗೆಯಲಿಲ್ಲ.

ಕ್ಯಾಸೆಟ್ಟು ಮೂರು ತಾಲ್ಲೂಕಿಗೂ ಹೋಯಿತು. ಬೈಗುಳ ತಪ್ಪಲಿಲ್ಲ. ಯಾರೀ ಪುಟ್ಟಗಂಗಮ್ಮ, ನಮ್ಮ ಮದುವೆಯಲ್ಲಿ ಅವಳ ಮನೆ ಯಾಕೆ ಎಂದು ಕೆಲವರು. ಡಿಸ್ಕೋ ಕಡಿಮೆಯಾಯಿತು ಎಂದು ಕೆಲವರು, ಹೆಚ್ಚಾಯಿತು ಎಂದು ಕೆಲವರು. ಅರ್ಧ ಬೈಯುತ್ತಲೇ ಎಲ್ಲರೂ ಕೊಂಡರು. ಕತ್ತರಿಸಿ ನೋಡಿದವರೂ ಇದ್ದರು, ಆದರೆ ಕೋಲಾಟವನ್ನು ತೆಗೆಯಹೋದರೆ ಅದರ ಅಡಿಯಲ್ಲಿದ್ದ ಡಿಸ್ಕೋದ ತಲೆಯೂ ಜೊತೆಗೇ ಹೋಗುತ್ತಿತ್ತು. ಅವಳು ಅದನ್ನು ಹಾಗೆಯೇ ಹೆಣೆದಿದ್ದಳು.

ಮರುವರ್ಷ ಒಂದು ದಿನ ಯೋಗನರಸಿಂಹ ಅಂಗಡಿಯಲ್ಲಿ ಮೆಲ್ಲಗೆ ಹೇಳಿದರು. "ಕ್ಯಾತ್ಸಂದ್ರದ ಹೋಟೆಲ್ ಯಲ್ಲಯ್ಯ ಅಂತೆ. ಇವತ್ತು ಸಂಜೆ ತಮ್ಮನ ಆರತಕ್ಷತೆ ಅಂತ ನಿಮ್ಮ ಕ್ಯಾಸೆಟ್ ಒಯ್ದರಮ್ಮ. ಯಾರು ಮಾಡಿದ್ದು ಅಂತ ಕೇಳಲಿಲ್ಲ. ನಾನೂ ಹೇಳಲಿಲ್ಲ."

ಆ ಸಂಜೆ ಪುಟ್ಟಗಂಗಮ್ಮ ಗುಬ್ಬಿ ಬಸ್ಸು ಬಿಟ್ಟು ಬೇಕೆಂದೇ ಕ್ಯಾತ್ಸಂದ್ರಕ್ಕೆ ಹೋಗಿ ಇಳಿದಳು. ಛತ್ರದ ಎದುರು, ರಸ್ತೆಯ ಈಚೆ ಬದಿಯ ಗೂಡಂಗಡಿಯಲ್ಲಿ ನಿಂತು ಕಾಫಿ ಹೇಳಿದಳು. ಕದ್ದು ನಿಲ್ಲಲಿಲ್ಲ, ದೀಪದ ಕೆಳಗೇ ನಿಂತಳು. ಡಿಸ್ಕೋ ಮುಗಿಯುತ್ತ ಬಂತು. ಬ್ಯಾಂಡು, ತಮಟೆ, ಆಮೇಲೆ ಕೋಲು.

ಅವಳ ಹೆಸರು ಹಾರನ್ನಿನಿಂದ ಹೊಮ್ಮಿದಾಗ ಯಲ್ಲಯ್ಯ ಮಂಟಪದಿಂದ ಎದ್ದು ಮೈಕ್ ಸೆಟ್ಟಿನವನ ಹತ್ತಿರ ಓಡಿದ್ದು ಬಾಗಿಲಿನಿಂದ ಕಾಣಿಸಿತು.

"ಆಫ್ ಮಾಡ್ಲಾ ಅದನ್ನ!"

"ಹೆಂಗಣ್ಣಾ ಮಾಡೋದು? ಜನ ಕುಣೀತಾವ್ರೆ" ಎಂದ ಅವನು. "ಯಾಕೆ, ಹಾಡಿಗೇನಾಗೈತೆ?"

ಯಲ್ಲಯ್ಯ ಏನೆಂದು ಹೇಳುತ್ತಾನೆ? ಅವನು ಸುತ್ತ ನೋಡಿದ. ಮದುಮಗ ಕುಣಿಯುತ್ತಿದ್ದ, ಬೀಗರು ಕುಣಿಯುತ್ತಿದ್ದರು, ಅವನ ಸ್ವಂತ ತಾಯಿ ಸೊಂಟಕ್ಕೆ ಸೆರಗು ಸುತ್ತಿ ಅಂಗೈ ತಟ್ಟುತ್ತಿದ್ದಳು. ಆಮೇಲೆ ಅವನ ಕಣ್ಣು ಬಾಗಿಲಾಚೆ, ರಸ್ತೆಯಾಚೆ, ದೀಪದ ಕೆಳಗೆ ಕಾಫಿ ಲೋಟ ಹಿಡಿದು ನಿಂತವಳ ಮೇಲೆ ಬಿತ್ತು. ಪುಟ್ಟಗಂಗಮ್ಮ ಮುಖ ತಿರುಗಿಸಲಿಲ್ಲ.

ಯಾರ ಮನೆ ಅಂಗಳ ಎಂದು ಅಕ್ಕನ ದನಿ ಮತ್ತೊಮ್ಮೆ ಕೇಳಿತು. ಛತ್ರದಲ್ಲಿದ್ದ ಜನರೆಲ್ಲ ಪುಟ್ಟಗಂಗಮ್ಮನ ಮನೆ ಅಂಗಳ ಎಂದು ಒಟ್ಟಿಗೆ ಉತ್ತರ ಕೊಟ್ಟರು.